ಯೀಸ್ಟಿನ ಒಡಲಲ್ಲಿ ನಮ್ಮದೇ ನಕ್ಷೆ

ಕ್ಯಾಲಿಫೋರ್ನಿಯಾದ ಬರ್ಕ್ಲಿ. 1970ರ ದಶಕದ ಕೊನೆಯ ವರ್ಷಗಳು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದು ಯೀಸ್ಟ್ ಕೋಶದ ತೆಳುವಾದ ಸೀಳು. ಇಡೀ ಕೋಶದ ಅಡ್ಡಗಲವೇ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಆರೋಗ್ಯವಾಗಿರುವ ಯೀಸ್ಟಿನಲ್ಲಾದರೆ ಅಲ್ಲೊಂದು ಇಲ್ಲೊಂದು ಪೊರೆಚೀಲ ಕಂಡೀತು, ಅದೂ ಹುಡುಕಿದರೆ. ಆದರೆ ಈ ಕೋಶದೊಳಗೆ ಏನಾಗಿದೆ ನೋಡಿ! ಈ ಅಂಚಿನಿಂದ ಆ ಅಂಚಿನವರೆಗೂ ಚೀಲಗಳೇ ಚೀಲಗಳು, ಒತ್ತೊತ್ತಾಗಿ, ಲೆಕ್ಕಕ್ಕೆ ಸಿಗದಷ್ಟು! ಎಲ್ಲದರ ಹೊಟ್ಟೆಯಲ್ಲೂ ಹೊರಗೆ ಹೋಗಬೇಕಿದ್ದ ಸರಕು. ಹೊರಪೊರೆಯ ಹತ್ತಿರದವರೆಗೆ ಬಂದು, ಕೊನೆಯ ಒಂದು ಹೆಜ್ಜೆ ಇಡಲಾಗದೆ ನಿಂತುಬಿಟ್ಟಿವೆ.

ಕೆಟ್ಟಿರುವುದು ಎಷ್ಟು ಅಂತೀರಿ? ಯೀಸ್ಟಿನ ಸುಮಾರು 6,000 ಜೀನ್‌ಗಳ ಪೈಕಿ ಒಂದೇ ಒಂದು!

ಆ ಕೋಶವನ್ನು ಪತ್ತೆ ಮಾಡಿದವರು ಪೀಟರ್ ನೋವಿಕ್ ಎಂಬ ಸಂಶೋಧನಾ ವಿದ್ಯಾರ್ಥಿ. ಅವರ ಗುರು ರ್‍ಯಾಂಡಿ ಶೆಕ್‌ಮನ್, ಆಗಿನ್ನೂ ಮೂವತ್ತರ ಆಸುಪಾಸಿನ ಅಧ್ಯಾಪಕ. ಕೆಟ್ಟ ಜೀನಿಗೆ ಅವರಿಟ್ಟ ಹೆಸರು ಸೆಕ್-1. 1979ರಲ್ಲಿ ಅದರ ವರದಿ ಅಚ್ಚಾಯಿತು. ಅಲ್ಲಿಂದ ಮುಂದೆ ಆದದ್ದೆಲ್ಲ ನನಗೆ ಇಂದಿಗೂ ನಂಬಲಾಗದಷ್ಟು ದೊಡ್ಡದು. ಬ್ರೆಡ್ಡು ಉಬ್ಬಿಸುವ ಒಂದು ಜೀವಿ ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ ಹೊರಬಿಡುವುದನ್ನು, ನಮ್ಮ ಮೂಳೆಗಳು ಗಟ್ಟಿಯಾಗುವುದನ್ನು, ಕೊನೆಗೆ ನಮ್ಮ ಮಿದುಳಿನ ನರಕೋಶಗಳು ಒಂದಕ್ಕೊಂದು ಮಾತಾಡುವುದನ್ನು ಹಂತಹಂತವಾಗಿ ಬಿಡಿಸಿ ತೋರಿಸಿತು!

ಮೊದಲು ಪ್ರಶ್ನೆ ಏನಿತ್ತು ಎಂಬುದನ್ನು ನೋಡೋಣ. ಈ ಸಾಲು ಓದುತ್ತಿರುವ ಹೊತ್ತಿನಲ್ಲೇ ನಿಮ್ಮ ದೇಹದ ಕೋಟಿಕೋಟಿ ಕೋಶಗಳು ತಾವು ತಯಾರಿಸಿದ್ದನ್ನು ಹೊರಗೆ ಕಳಿಸುತ್ತಿವೆ. ಹೊಟ್ಟೆಗೆ ಜೀರ್ಣಕಿಣ್ವ, ರಕ್ತಕ್ಕೆ ಇನ್ಸುಲಿನ್, ಸೋಂಕಿನ ವಿರುದ್ಧ ಪ್ರತಿಕಾಯ, ಚರ್ಮಕ್ಕೂ ಮೂಳೆಗೂ ಕೊಲಾಜನ್. ಇವೆಲ್ಲ ಪ್ರೋಟೀನುಗಳು. ಕೋಶದ ಸುತ್ತ ಎಣ್ಣೆಯಂಥ ಪೊರೆ ಇದೆ. ಇಷ್ಟು ದೊಡ್ಡ ಅಣುಗಳು ಅದನ್ನು ತೂರಿಕೊಂಡು ಹೋಗಲಾರವು. ತೂತು ಬಿದ್ದರೆ ಕೋಶವೇ ಸಾಯುತ್ತದೆ. ಹಾಗಾದರೆ ಒಂದು ಹನಿಯೂ ಸೋರದಂತೆ ಸರಕು ಹೊರಬೀಳುವುದು ಹೇಗೆ?

ದಾರಿಯನ್ನು ಕಂಡವರು ಜಾರ್ಜ್ ಪಲಾಡೆ. ರುಮೇನಿಯಾದಲ್ಲಿ ಹುಟ್ಟಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ದುಡಿದ ಅವರು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ಪ್ರೋಟೀನಿನ ಪಯಣವನ್ನು ಹಿಂಬಾಲಿಸಿದರು. ಮೊದಲು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಜಾಲ, ಅಲ್ಲಿಂದ ಗೋಲ್ಗಿ ಎಂಬ ಇನ್ನೊಂದು ಪೊರೆರಚನೆ, ಅಲ್ಲಿಂದ ಪುಟ್ಟ ಪೊರೆಚೀಲ. ಚೀಲದ ಪೊರೆ ಕೋಶದ ಹೊರಪೊರೆಯೊಂದಿಗೆ ಬೆರೆತು ಒಂದಾದಾಗ ಒಳಗಿನ ಸರಕು ಆಚೆ ಚೆಲ್ಲುತ್ತದೆ. ಪೊರೆ ಎಲ್ಲೂ ಹರಿಯುವುದಿಲ್ಲ! ಈ ಕೆಲಸಕ್ಕೆ 1974ರಲ್ಲಿ ನೊಬೆಲ್ ಬಂತು. ಆದರೆ ಚೀಲವನ್ನು ಚಿವುಟಿ ಬೇರ್ಪಡಿಸುವುದು ಯಾವುದು? ಅದು ಸರಿಯಾದ ಪೊರೆಯನ್ನೇ ಸೇರುವಂತೆ ಮಾಡುವುದು ಯಾವುದು? ಬೆಸೆಯುವುದು ಯಾವುದು? ಪಲಾಡೆ ಅವರ ಚಿತ್ರಗಳಲ್ಲಿ ದಾರಿ ಕಾಣುತ್ತಿತ್ತು, ಅದನ್ನು ನಡೆಸುವ ಯಂತ್ರದ ಒಂದು ಬಿಡಿಭಾಗವೂ ಕಾಣುತ್ತಿರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರು ಶೆಕ್‌ಮನ್. 1948ರಲ್ಲಿ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಹುಡುಗ. ತೊರೆಯ ನೀರು ತಂದು ಆಟಿಕೆಯ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗೆ ಓಡಾಡುವ ಜೀವಿಗಳಿಗೆ ಮರುಳಾದವನು. ನಿಜವಾದ ಸೂಕ್ಷ್ಮದರ್ಶಕ ಬೇಕೆಂದು ಅಕ್ಕಪಕ್ಕದವರ ಹುಲ್ಲು ಕತ್ತರಿಸಿ ಕಾಸು ಕೂಡಿಟ್ಟ. ಆ ದುಡ್ಡು ಮನೆಖರ್ಚಿಗೆ ಹೋಗುತ್ತಲೇ ಇದ್ದಾಗ ಸೈಕಲ್ ಏರಿ ನೇರ ಪೊಲೀಸ್ ಠಾಣೆಗೆ ಹೋಗಿ, ಮನೆ ಬಿಡುತ್ತೇನೆಂದು ದೂರು ಹೇಳಿದ! ಅಪ್ಪ ಬಂದು ಕರೆದೊಯ್ದರು. ಗಿರವಿ ಅಂಗಡಿಯೊಂದರಿಂದ ಸೂಕ್ಷ್ಮದರ್ಶಕವೂ ಬಂತು. ಅದು ಇವತ್ತು ಸ್ಟಾಕ್‌ಹೋಮಿನ ನೊಬೆಲ್ ವಸ್ತುಸಂಗ್ರಹಾಲಯದಲ್ಲಿದೆ.

ಲಾಸ್ ಏಂಜಲೀಸಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿ. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವವನ್ನು ಕಂಡುಹಿಡಿದ ಆರ್ಥರ್ ಕಾರ್ನ್‌ಬರ್ಗ್ ಅವರ ಬಳಿ ಡಾಕ್ಟರೇಟ್. ಕಾರ್ನ್‌ಬರ್ಗ್ ಪಾಠ ಕಟ್ಟುನಿಟ್ಟಿನದು: ಕೋಶವನ್ನು ಬಿಚ್ಚು, ಭಾಗಗಳನ್ನು ಶುದ್ಧವಾಗಿ ಬೇರೆ ಮಾಡು, ಕೊಳವೆಯಲ್ಲಿ ಮತ್ತೆ ಜೋಡಿಸಿ ಕೆಲಸ ಮಾಡಿಸು, ಆಗ ಮಾತ್ರ ನಿನಗೆ ಅರ್ಥವಾಗಿದೆ ಎಂದುಕೊ. ಮುಂದೆ ಸ್ಯಾನ್ ಡಿಯಾಗೋದಲ್ಲಿ, ಕೋಶದ ಪೊರೆ ದ್ರವದಂತೆ ಹರಿದಾಡುವ ರಚನೆ ಎಂದು ತೋರಿಸಿಕೊಟ್ಟ ಜೊನಾಥನ್ ಸಿಂಗರ್ ಅವರ ಪ್ರಯೋಗಾಲಯ. ಒಬ್ಬರಿಂದ ಬಿಚ್ಚಿ ಜೋಡಿಸುವ ಛಲ, ಇನ್ನೊಬ್ಬರಿಂದ ಪೊರೆಯ ಸೆಳೆತ. ಎರಡನ್ನೂ ಹೊತ್ತು 1976ರಲ್ಲಿ ಬರ್ಕ್ಲಿಗೆ ಬಂದಾಗ ಅವರಿಗೆ 27 ವರ್ಷ.

ಅಲ್ಲಿ ಅವರು ಆರಿಸಿಕೊಂಡದ್ದು ಯೀಸ್ಟನ್ನು! ಸ್ಯಾಕರೋಮೈಸಿಸ್ ಸೆರೆವಿಸಿಯೇ, ಬೇಕರಿಯವರು ಮೈದಾಹಿಟ್ಟಿಗೆ ಬೆರೆಸುವ ಅದೇ ಯೀಸ್ಟ್. ಅವರಿಗೆ ಆವರೆಗೆ ಯೀಸ್ಟಿನ ಕೆಲಸ ಗೊತ್ತೇ ಇರಲಿಲ್ಲ. ಅದೇ ಕಾರಣ ಕೊಟ್ಟು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅವರ ಮೊದಲ ಅನುದಾನದ ಅರ್ಜಿಯನ್ನು ತಿರಸ್ಕರಿಸಿತು. ಯೀಸ್ಟಿನಲ್ಲಿ ಗೋಲ್ಗಿಯನ್ನು ಗುರುತಿಸುವುದೇ ಕಷ್ಟ. ಪಲಾಡೆ ಅವರ ಗ್ರಂಥಿಕೋಶಗಳಲ್ಲಿ ಕಣ್ಣು ತುಂಬುವಷ್ಟು ಚೀಲಗಳಿದ್ದರೆ ಇಲ್ಲಿ ಬೆರಳೆಣಿಕೆಯಷ್ಟು. ಮತ್ತೆ ಯಾಕೆ ಯೀಸ್ಟ್?

ಯಾಕೆಂದರೆ ಯೀಸ್ಟು ಸುಮಾರು ಒಂದೂವರೆ ಗಂಟೆಗೊಮ್ಮೆ ಎರಡಾಗುತ್ತದೆ. ಒಂದೇ ಜೀವಿಯಿಂದ ರಾತ್ರಿ ಕಳೆಯುವಷ್ಟರಲ್ಲಿ ನೂರಾರು! ಅದರ ಜೀನ್‌ಗಳು ಒಂದೊಂದೇ ಪ್ರತಿಯಲ್ಲಿರುವ ಸ್ಥಿತಿಯಲ್ಲೂ ಅದು ಬದುಕಬಲ್ಲದು, ಆದ್ದರಿಂದ ಒಂದು ಜೀನ್ ಕೆಟ್ಟರೆ ಪರಿಣಾಮ ತಕ್ಷಣ ಕಾಣುತ್ತದೆ. ಬ್ಯಾಕ್ಟೀರಿಯಾಕ್ಕೆ ಇಲ್ಲದ ಕೋಶಕೇಂದ್ರ, ಒಳಜಾಲ, ಪೊರೆಚೀಲ ಎಲ್ಲ ಅದಕ್ಕಿವೆ, ನಮಗಿದ್ದಂತೆಯೇ. ಅದೂ ಸರಕು ಹೊರಗೆ ಕಳಿಸುತ್ತದೆ: ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವನ್ನು ಹೊರಗೆ ಸುರಿದು ಊಟ ಸಂಪಾದಿಸುತ್ತದೆ. ಮಗಳು ಕೋಶ ಮೊಗ್ಗಿನಂತೆ ಚಿಗುರುವಾಗ ಅದರ ಪೊರೆಗೆ ಬೇಕಾದ ಸಾಮಗ್ರಿಯೂ ಈ ಚೀಲಗಳಲ್ಲೇ ಬರುತ್ತದೆ. ಅಂದರೆ ಈ ಸಾಗಣೆ ನಿಂತರೆ ಯೀಸ್ಟಿಗೆ ಬೆಳವಣಿಗೆಯೇ ಇಲ್ಲ!

ಸಮಸ್ಯೆಯೂ ಅಲ್ಲೇ ಇತ್ತು. ಸಾಗಣೆಗೆ ಬೇಕಾದ ಜೀನನ್ನು ಕೆಡಿಸಿದರೆ ಕೋಶ ಸಾಯುತ್ತದೆ. ಸತ್ತದ್ದನ್ನು ಬೆಳೆಸಿ ಪರೀಕ್ಷಿಸುವುದು ಹೇಗೆ? ದಾರಿ ತೋರಿಸಿದ್ದು ಸಿಯಾಟಲ್‌ನ ಲೀಲಂಡ್ ಹಾರ್ಟ್‌ವೆಲ್ ಅವರ ಉಪಾಯ. ಕೋಶ ವಿಭಜನೆಯ ಅಧ್ಯಯನಕ್ಕೆ ಅವರು ಉಷ್ಣತೆಗೆ ಸೋಲುವ ಯೀಸ್ಟ್ ತಳಿಗಳನ್ನು ಬಳಸಿದ್ದರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಜೀನ್ ಸರಿಯಾಗಿ ಕೆಲಸ ಮಾಡುತ್ತದೆ, ಯೀಸ್ಟು ಹಾಯಾಗಿ ಬೆಳೆಯುತ್ತದೆ. 37 ಡಿಗ್ರಿಗೆ ಏರಿಸಿದರೆ ಅದರ ಪ್ರೋಟೀನ್ ಮುದುಡಿ ಕೈಕೊಡುತ್ತದೆ. ಬೇಕೆಂದಾಗ ಚಾಲೂ, ಬೇಕೆಂದಾಗ ಬಂದ್! ನೋವಿಕ್ ಮತ್ತು ಶೆಕ್‌ಮನ್ ಇಂಥ ತಳಿಗಳನ್ನು ಒಂದೊಂದಾಗಿ ಬಿಸಿ ಮಾಡಿ, ಯಾವುದರಲ್ಲಿ ಕಿಣ್ವ ತಯಾರಾಗಿಯೂ ಹೊರಬರದೆ ಒಳಗೇ ಉಳಿಯುತ್ತದೆ ಎಂದು ಅಳೆದರು. ಸೆಕ್-1 ಸಿಕ್ಕಿದ್ದು ಹಾಗೆ. ಸೋಜಿಗವೆಂದರೆ, ತಳಿಯನ್ನು ಮತ್ತೆ ತಂಪಿಗೆ ತಂದರೆ ನಿಂತಿದ್ದ ಸರಕು ಮತ್ತೆ ಹೊರಡುತ್ತಿತ್ತು!

ಆದರೆ ಒಂದು ಜೀನಿನಿಂದ ಏನಾದೀತು? ಉಳಿದವು ಬೇಕು, ಎಲ್ಲವೂ ಬೇಕು. ಒಂದೊಂದೇ ತಳಿ ಪರೀಕ್ಷಿಸುತ್ತ ಕೂತರೆ ಆಯುಷ್ಯ ಸಾಲದು. ಇಲ್ಲಿ ಬಂತು ನೋಡಿ, ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಯೋಚನೆ. ಸಾಗಣೆ ನಿಂತ ಕೋಶ ಒಳಗೊಳಗೇ ಪ್ರೋಟೀನ್ ತಯಾರಿಸುತ್ತಲೇ ಇರುತ್ತದೆ. ಆದರೆ ಹೊಸ ಪೊರೆ ಸೇರದ ಕಾರಣ ಗಾತ್ರ ಹಿಗ್ಗುವುದಿಲ್ಲ. ಗಾತ್ರ ಅಷ್ಟೇ, ತುಂಬಿದ್ದು ಹೆಚ್ಚು. ಹಾಗಾದರೆ ಅದು ಉಳಿದ ಕೋಶಗಳಿಗಿಂತ ದಟ್ಟವಾಗಿರಬೇಕಲ್ಲವೇ? ದಟ್ಟವಾಗಿದ್ದರೆ ಕೆಳಗೆ ಇಳಿಯಬೇಕಲ್ಲವೇ? ಸಿಲಿಕಾದ ಅತಿಸೂಕ್ಷ್ಮ ಕಣಗಳಿರುವ ದ್ರವದಲ್ಲಿ ಬಿಸಿ ಮಾಡಿದ ಯೀಸ್ಟುಗಳನ್ನು ಹಾಕಿ ಜೋರಾಗಿ ತಿರುಗಿಸಿದರು. ಲಕ್ಷಾಂತರ ಕೋಶಗಳ ನಡುವೆ ಸಾಗಣೆ ನಿಂತವು ತಾವಾಗಿಯೇ ತಳ ಸೇರಿದವು! ಬೇಕಾದ್ದನ್ನು ಆರಿಸುವ ಕೆಲಸವನ್ನು ಅದರ ತೂಕವೇ ಮಾಡಿಕೊಟ್ಟಿತು.

ಒಮ್ಮೆಲೇ 188 ತಳಿಗಳು ಕೈಗೆ ಬಂದವು. ಒಂದಕ್ಕೊಂದು ಕೂಡಿಸಿ, ಯಾವುದರ ದೋಷವನ್ನು ಯಾವುದು ಸರಿಪಡಿಸುತ್ತದೆ ಎಂದು ನೋಡುತ್ತ ವಿಂಗಡಿಸಿದಾಗ ಒಟ್ಟು 23 ಬೇರೆಬೇರೆ ಜೀನ್‌ಗಳು! 1980ರಲ್ಲಿ ಆ ಪಟ್ಟಿ ಪ್ರಕಟವಾಯಿತು. ನಾಲ್ಕು ವರ್ಷಗಳ ಹಿಂದೆ ಯಂತ್ರದ ಒಂದು ತಿರುಪೂ ಗೊತ್ತಿರಲಿಲ್ಲ. ಈಗ 23 ಬಿಡಿಭಾಗಗಳು ಮೇಜಿನ ಮೇಲೆ!

ಅವುಗಳನ್ನು ಕ್ರಮವಾಗಿ ಜೋಡಿಸುವುದು ಹೇಗೆ? ನಮ್ಮ ಊರುಗಳ ನೀರುಗಂಟಿಗೆ ಕೇಳಿದರೂ ಉತ್ತರ ಸಿಕ್ಕುತ್ತಿತ್ತು. ಕಾಲುವೆಯಲ್ಲಿ ಸಾಲಾಗಿ ಗೇಟುಗಳಿವೆ; ಒಂದು ಮುಚ್ಚಿದರೆ ನೀರು ಅದರ ಹಿಂದೆ ಕಟ್ಟಿಕೊಳ್ಳುತ್ತದೆ. ಎರಡು ಮುಚ್ಚಿದರೆ ಮೊದಲಿನದರ ಹಿಂದೆಯೇ ನಿಲ್ಲುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ನೋವಿಕ್, ಸೂಸನ್ ಫೆರೋ ಮತ್ತು ಶೆಕ್‌ಮನ್ 1981ರಲ್ಲಿ ಮಾಡಿದ್ದೂ ಇದನ್ನೇ. ಎರಡೆರಡು ಜೀನ್ ಕೆಟ್ಟ ತಳಿಗಳನ್ನು ತಯಾರಿಸಿ ಸರಕು ಎಲ್ಲಿ ನಿಂತಿದೆ ಎಂದು ನೋಡಿದರು. ಕೆಲವದರಲ್ಲಿ ಒಳಜಾಲ ಊದಿಕೊಂಡಿತ್ತು. ಕೆಲವದರಲ್ಲಿ ಗೋಲ್ಗಿಯ ಹಂತದಲ್ಲಿ ಬಟ್ಟಲಿನಾಕಾರದ ವಿಚಿತ್ರ ರಚನೆಗಳು ಬೆಳೆದಿದ್ದವು. ಊರಿನ ಹೆಸರಲ್ಲೇ ಅವನ್ನು ಬರ್ಕ್ಲಿ ಬಾಡಿಗಳು ಎಂದು ಕರೆದರು. ಸೆಕ್-1 ತಳಿಯಂಥವುಗಳಲ್ಲಿ ಕೊನೆಯ ಹಂತದ ಚೀಲಗಳು. ಒಳಜಾಲ, ಗೋಲ್ಗಿ, ಚೀಲ, ಹೊರಪೊರೆ. ಪಲಾಡೆ ಪ್ರಾಣಿಯ ಗ್ರಂಥಿಯಲ್ಲಿ ಕಂಡ ಅದೇ ದಾರಿ, ಅದೇ ಕ್ರಮ!

ಆದರೂ ಒಂದು ಅನುಮಾನ ಉಳಿದಿತ್ತು. ದಾರಿ ಒಂದೇ ಇರಬಹುದು, ಯಂತ್ರವೂ ಒಂದೇ ಎಂದು ಹೇಳುವುದು ಹೇಗೆ? ಯೀಸ್ಟಿಗೂ ನಮಗೂ ಒಬ್ಬನೇ ಪೂರ್ವಜನಿದ್ದದ್ದು ಸುಮಾರು ನೂರು ಕೋಟಿ ವರ್ಷಗಳ ಹಿಂದೆ.

ಉತ್ತರ ಬಂದದ್ದು ಬೇರೆ ದಿಕ್ಕಿನಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ರಾಥ್‌ಮನ್ ಜೀನ್‌ಗಳ ಗೊಡವೆಗೇ ಹೋಗದೆ, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳನ್ನು ಒಡೆದು, ಕೊಳವೆಯಲ್ಲಿ ಗೋಲ್ಗಿಯ ಸಾಗಣೆಯನ್ನು ನಡೆಸುತ್ತಿದ್ದರು. ಚೀಲ ಬೆಸೆಯಲು ಅಗತ್ಯವಾದ ಎನ್‌ಎಸ್‌ಎಫ್ ಎಂಬ ಪ್ರೋಟೀನನ್ನು 1988ರಲ್ಲಿ ಶುದ್ಧಗೊಳಿಸಿದರು. ಇತ್ತ, ಶೆಕ್‌ಮನ್ ಅವರ ಬಳಿ ತರಬೇತಾಗಿದ್ದ ಸ್ಕಾಟ್ ಎಮ್ರ್ ಅವರ ತಂಡ ಯೀಸ್ಟಿನ ಸೆಕ್-18 ಜೀನಿನ ಅಕ್ಷರಮಾಲೆಯನ್ನು ಓದಿತ್ತು. 1989ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಕುಲದ ಪ್ರೋಟೀನುಗಳು! ಅಷ್ಟೇ ಅಲ್ಲ, ಯೀಸ್ಟಿನ ಸೆಕ್-18 ಪ್ರೋಟೀನನ್ನು ಹ್ಯಾಮ್‌ಸ್ಟರ್‌ನ ಕೊಳವೆಗೆ ಹಾಕಿದಾಗ ಅದು ಅಲ್ಲಿಯೂ ಕೆಲಸ ಮಾಡಿತು! ನೂರು ಕೋಟಿ ವರ್ಷ ಬೇರೆಬೇರೆ ಬದುಕಿದ ಎರಡು ಜೀವಿಗಳ ಬಿಡಿಭಾಗ ಒಂದರ ಜಾಗದಲ್ಲಿ ಇನ್ನೊಂದು ಕೂತು ತಿರುಗಿತು. ಇದನ್ನು ಓದಿದ ಮೇಲೂ ಯೀಸ್ಟನ್ನು ಬರೀ ಯೀಸ್ಟು ಎನ್ನಲು ನಾಲಗೆ ಏಳುತ್ತದೆಯೇ?

ಮತ್ತೆ ಸೆಕ್-1? ಮೊಟ್ಟಮೊದಲು ಸಿಕ್ಕ ಆ ಜೀನ್? 1993ರಲ್ಲಿ ಥಾಮಸ್ ಸ್ಯೂಡಾಫ್ ಅವರ ತಂಡ ಮಿದುಳಿನ ನರಕೋಶಗಳಲ್ಲಿ ಅದರ ಸಂಬಂಧಿಯನ್ನು ಕಂಡಿತು. ಹೆಸರು ಮಂಕ್-18. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕವೂ ಚೀಲಗಳಲ್ಲೇ ಇರುತ್ತದೆ. ಆ ಚೀಲ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಬೆಸೆಯಬೇಕು. ಯೀಸ್ಟು ಮೊಗ್ಗು ಚಿಗುರಿಸಲು ಬಳಸುವ ಉಪಕರಣವನ್ನೇ ನಮ್ಮ ಮಿದುಳು ಯೋಚಿಸಲು ಬಳಸುತ್ತಿದೆ! ಮನುಷ್ಯರಲ್ಲಿ ಇದೇ ಜೀನಿನ ದೋಷದಿಂದ ಹಸುಗೂಸುಗಳಿಗೆ ತೀವ್ರವಾದ ಮೂರ್ಛೆರೋಗ ಬರುತ್ತದೆ ಎಂದು 2008ರಲ್ಲಿ ತಿಳಿಯಿತು.

ಇಷ್ಟಾದರೂ ಶೆಕ್‌ಮನ್ ನಿಲ್ಲಲಿಲ್ಲ. ಕಾರ್ನ್‌ಬರ್ಗ್ ಕಲಿಸಿದ ಎರಡನೆಯ ಅರ್ಧ ಬಾಕಿ ಇತ್ತು: ಮತ್ತೆ ಜೋಡಿಸಿ ತೋರಿಸಬೇಕು. ಅವರ ವಿದ್ಯಾರ್ಥಿ ರೇ ಡೆಶೇಸ್ ಪ್ರೋಟೀನುಗಳು ಒಳಜಾಲವನ್ನು ಹೊಗುವ ಬಾಗಿಲಾದ ಸೆಕ್-61 ಜೀನನ್ನು ಹೊಸದಾಗಿ ಪತ್ತೆ ಮಾಡಿದರು. ಶೆಕ್‌ಮನ್ ಮತ್ತು ಅವರ ಸಂಗಡಿಗರು ಒಳಜಾಲದಿಂದ ಚೀಲ ಹೊರಡುವ ಹೆಜ್ಜೆಗೆ ಬೇಕಾದ ಪ್ರೋಟೀನುಗಳನ್ನು ವರ್ಷಗಟ್ಟಲೆ ಶುದ್ಧಗೊಳಿಸಿದರು. 1994ರಲ್ಲಿ ಅವರ ತಂಡ ಐದೇ ಐದು ಪ್ರೋಟೀನುಗಳನ್ನು ಒಳಜಾಲದ ಪೊರೆಗೆ ಬೆರೆಸಿ ಶಕ್ತಿ ಒದಗಿಸಿತು. ಸಾರ್-1 ಪೊರೆಗೆ ಅಂಟಿಕೊಂಡಿತು. ಸೆಕ್-23 ಮತ್ತು ಸೆಕ್-24 ಬಂದು ಸರಕನ್ನು ಆರಿಸಿ ಹಿಡಿದವು. ಸೆಕ್-13 ಮತ್ತು ಸೆಕ್-31 ಮೇಲಿಂದ ಹೊದಿಕೆಯಾಗಿ ಸೇರಿ ಪೊರೆಯನ್ನು ಬಾಗಿಸಿದವು. ಗಾಜಿನ ಕೊಳವೆಯಲ್ಲಿ, ಜೀವಂತ ಕೋಶವೇ ಇಲ್ಲದೆ, ದುಂಡನೆಯ ಚೀಲಗಳು ಚಿವುಟಿಕೊಂಡು ಹೊರಬಿದ್ದವು! ಆ ಹೊದಿಕೆಗೆ ಕಾಪ್-2 ಎಂದು ಹೆಸರಾಯಿತು.

ಹನ್ನೆರಡು ವರ್ಷಗಳ ನಂತರ, 2006ರಲ್ಲಿ, ಅದೇ ಸೆಕ್-23 ಮನುಷ್ಯರ ಆಸ್ಪತ್ರೆಯೊಳಗೆ ಕಾಣಿಸಿಕೊಂಡಿತು. ಕೆಲವು ಮಕ್ಕಳಲ್ಲಿ ನೆತ್ತಿಯ ಮೂಳೆಗಳು ಕೂಡಲು ವಿಪರೀತ ತಡವಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಕಾರಣ ಹುಡುಕಿದ ವೈದ್ಯರಿಗೆ ಸಿಕ್ಕಿದ್ದು ಸೆಕ್-23ರ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ. ಒಳಜಾಲದಲ್ಲಿ ಸರಕು ಸಿಕ್ಕಿಬಿದ್ದು ಮೂಳೆಗೆ ಬೇಕಾದ ಪ್ರೋಟೀನು ಹೊರಬರುವುದಿಲ್ಲ. ಯೀಸ್ಟಿನ ತಳಿಯಲ್ಲಿ ಊದಿಕೊಂಡಿದ್ದ ಅದೇ ಒಳಜಾಲ ಮಗುವಿನ ಕೋಶದಲ್ಲೂ ಊದಿಕೊಂಡಿತ್ತು.

ರೋಗದ ಗುಟ್ಟಿನ ಜೊತೆ ಮದ್ದಿನ ದಾರಿಯೂ ಇಲ್ಲಿಯೇ ಇದೆ. ಯೀಸ್ಟಿಗೆ ಮನುಷ್ಯರ ಇನ್ಸುಲಿನ್ ಜೀನ್ ಕೊಟ್ಟರೆ, ಅದು ತನ್ನ ಕಿಣ್ವವನ್ನು ಕಳಿಸುವ ದಾರಿಯಲ್ಲೇ ನಮ್ಮ ಇನ್ಸುಲಿನ್ನನ್ನೂ ತಯಾರಿಸಿ ಹೊರಗೆ ಸುರಿಯುತ್ತದೆ! ಡೆನ್ಮಾರ್ಕಿನ ನೋವೋ ಕಂಪನಿ 1980ರ ದಶಕದಲ್ಲೇ ಬೇಕರಿ ಯೀಸ್ಟಿನಿಂದ ಇನ್ಸುಲಿನ್ ತೆಗೆಯತೊಡಗಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾದದ್ದು ಪಿಕಿಯಾ ಪಾಸ್ಟೋರಿಸ್ ಎಂಬ ಇನ್ನೊಂದು ಯೀಸ್ಟಿನಲ್ಲಿ. ಸಕ್ಕರೆ ಕಾಯಿಲೆಯ ಎಷ್ಟೋ ಮಂದಿ ಬೆಳಗ್ಗೆ ತಿಂಡಿಗೆ ಮುಂಚೆ ಚುಚ್ಚಿಕೊಳ್ಳುವ ಮದ್ದು ಒಂದು ಯೀಸ್ಟಿನ ಒಳಜಾಲ, ಗೋಲ್ಗಿ, ಚೀಲಗಳನ್ನು ದಾಟಿ ಬಂದದ್ದು!

2013ರಲ್ಲಿ ಶೆಕ್‌ಮನ್, ರಾಥ್‌ಮನ್, ಸ್ಯೂಡಾಫ್ ಮೂವರಿಗೂ ವೈದ್ಯಕೀಯ ನೊಬೆಲ್ ಬಂತು. ಶೆಕ್‌ಮನ್ ತಮ್ಮ ಪಾಲಿನ ಹಣವನ್ನು ಬರ್ಕ್ಲಿಯಲ್ಲಿ ಕ್ಯಾನ್ಸರ್ ಜೀವವಿಜ್ಞಾನದ ಪೀಠವೊಂದಕ್ಕೆ ಕೊಟ್ಟರು. ಪೀಠದ ಹೆಸರಿನಲ್ಲಿರುವುದು ಅವರ ತಾಯಿ ಎಸ್ತರ್ ಮತ್ತು ರಕ್ತದ ಕ್ಯಾನ್ಸರ್‌ನಿಂದ ಹದಿಹರೆಯದಲ್ಲೇ ತೀರಿಕೊಂಡ ತಂಗಿ ವೆಂಡಿ. ಜನರ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾಲಯವೇ ತನ್ನನ್ನು ರೂಪಿಸಿತು ಎನ್ನುವ ಅವರು ಸರ್ಕಾರಿ ಉನ್ನತ ಶಿಕ್ಷಣದ ಪರ ಗಟ್ಟಿಯಾಗಿ ಮಾತಾಡುತ್ತ ಬಂದಿದ್ದಾರೆ.

ಪತ್ನಿ ನ್ಯಾನ್ಸಿ ಪಾರ್ಕಿನ್ಸನ್ ಕಾಯಿಲೆಯಿಂದ ವರ್ಷಗಳ ಕಾಲ ನರಳಿ 2017ರಲ್ಲಿ ತೀರಿಕೊಂಡರು. ಆಮೇಲೆ ಆ ಕಾಯಿಲೆಯ ಮೂಲ ಹುಡುಕುವ ಜಾಗತಿಕ ಸಂಶೋಧನಾ ಯೋಜನೆಯೊಂದರ ಮುಂದಾಳತ್ವವನ್ನು ಶೆಕ್‌ಮನ್ ವಹಿಸಿಕೊಂಡರು. ಯೀಸ್ಟನ್ನು ಬಿಟ್ಟು ಬಹುದೂರ ಬಂದರೇ? ಇಲ್ಲ! ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಗಂಟುಗಟ್ಟುವ ಪ್ರೋಟೀನಿನ ಹೆಸರು ಆಲ್ಫಾ ಸೈನ್ಯೂಕ್ಲಿನ್. ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡ ಅದನ್ನು ಯೀಸ್ಟಿನೊಳಗೆ ತಯಾರಾಗುವಂತೆ ಮಾಡಿತು. ಮೊದಲು ಕೆಟ್ಟದ್ದು ಯಾವುದು ಗೊತ್ತೇ? ಒಳಜಾಲದಿಂದ ಗೋಲ್ಗಿಗೆ ಹೋಗುವ ಚೀಲಗಳ ದಾರಿ! ಆ ದಾರಿಗೆ ನೆರವಾಗುವ ಪ್ರೋಟೀನೊಂದನ್ನು ಹೆಚ್ಚಿಸಿದಾಗ ಯೀಸ್ಟು ಚೇತರಿಸಿಕೊಂಡಿತು. ನೊಣ, ಹುಳು, ಇಲಿಗಳ ನರಕೋಶಗಳೂ ಚೇತರಿಸಿಕೊಂಡವು. ಆ ವರದಿ 2006ರದ್ದು. ನರಕೋಶವೇ ಇಲ್ಲದ ಜೀವಿ ನರರೋಗದ ಸುಳಿವು ಕೊಟ್ಟಿತು!

1976ರಲ್ಲಿ ಯಾರಾದರೂ ಶೆಕ್‌ಮನ್ ಅವರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದ್ದರೆ ಇನ್ಸುಲಿನ್ ಎನ್ನಲು, ಮೂರ್ಛೆರೋಗ ಎನ್ನಲು, ಪಾರ್ಕಿನ್ಸನ್ ಎನ್ನಲು ಅವರ ಬಳಿ ಯಾವ ಆಧಾರವೂ ಇರಲಿಲ್ಲ. ಅವರ ಬಳಿ ಇದ್ದದ್ದು ಒಂದು ಸ್ಪಷ್ಟವಾದ ಪ್ರಶ್ನೆ ಮತ್ತು ಆ ಪ್ರಶ್ನೆಗೆ ಉತ್ತರ ಕೊಡಬಲ್ಲಷ್ಟು ಸರಳವಾದ ಜೀವಿ. ಅಂಥ ಪ್ರಶ್ನೆಗೆ ಹಣ, ಸಮಯ, ವಿದ್ಯಾರ್ಥಿಗಳು ಸಿಕ್ಕರೆ ಏನಾಗುತ್ತದೆ ಎಂಬುದು ಈಗ ನಮ್ಮ ಕಣ್ಣ ಮುಂದಿದೆ.

ಕಥೆ ಮುಗಿದಿದೆ ಎಂದುಕೊಳ್ಳಬೇಡಿ. 1996ರಲ್ಲೇ ಯೀಸ್ಟಿನ ಪೂರ್ತಿ ಜೀನೋಮನ್ನು ಓದಿಯಾಗಿದೆ. ಕೋಶಕೇಂದ್ರವುಳ್ಳ ಜೀವಿಗಳಲ್ಲೇ ಅದು ಮೊದಲನೆಯದು. ಆದರೂ ಆ 6,000 ಜೀನ್‌ಗಳಲ್ಲಿ ನೂರಾರು ಏನು ಮಾಡುತ್ತವೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ! ಯೀಸ್ಟ್ ಬೆಳೆಸಲು ಬೇಕಾದದ್ದು ಸಕ್ಕರೆ, ಅಗರ್ ತಟ್ಟೆ, ಬೆಚ್ಚಗಿನ ಪೆಟ್ಟಿಗೆ. ಧಾರವಾಡದ, ಮೈಸೂರಿನ, ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಆ ನೂರಾರರಲ್ಲಿ ಒಂದನ್ನು ಆರಿಸಿಕೊಂಡು, ಇದು ಕೆಟ್ಟರೆ ಏನಾಗುತ್ತದೆ ಎಂದು ಕೇಳಬಹುದು. ಅವಳ ಉತ್ತರ ಯಾವ ಕಾಯಿಲೆಯ ಬೀಗ ತೆಗೆದೀತು ಎಂದು ಇವತ್ತು ಹೇಳಬಲ್ಲವರಿಲ್ಲ. ಅವಳಿಗೆ ಆ ಪ್ರಶ್ನೆ ಕೇಳುವ ಅವಕಾಶವನ್ನು ಮಾತ್ರ ನಾವು ಇವತ್ತೇ ಕೊಡಬೇಕು.